ಕಾರ್ಡ್ ಬ್ಲಾಕ್ ಮಾಡಿಸಿದ್ದೇನೆ

ಭೂಷಣ್,

ನಿಮ್ಮಣ್ಣನ ತಿಥಿ ಕಾರ್ಯಕ್ಕೆ ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟರು. ಇವತ್ತು ಎಂದಿನಂತೆ ಹಾಲು ಕಾಯಿಸುತ್ತಿದ್ದಾಗ ಬ್ಯಾಂಕಿನ ಮೆಸೇಜು ಬಂತು. ಶಿರಾದ ಎಟಿಎಂನಲ್ಲಿ ನನ್ನ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದಿದ್ದೀಯ.

"ಕೇದಾರಕ್ಕೆ ಹೋಗ್ಬುಟ್ಟು ಬತ್ತೀನಿ ಅತ್ತಿಗೆ, ಅಣ್ಣಂಗೂ ಪುಣ್ಯ" ಎಂದು ನೀನು ನಿನ್ನೆ ಹೇಳಿದಾಗ ಸುಮ್ಮನಿದ್ದೆ. ಅದು ಒಪ್ಪಿಗೆಯಲ್ಲ. ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕ್ರೆಡಿಟ್ ಕಾರ್ಡಿನಿಂದ ತೆಗೆದ ನಗದಿಗೆ ಅದೇ ದಿನದಿಂದ ಬಡ್ಡಿ ಬೀಳುತ್ತದೆ. ಗೋವಾಕ್ಕೆ ಹೋಗುವಾಗಲೂ ಹೀಗೇ ತೆಗೆದು, ಸಮಯಕ್ಕೆ ಕಟ್ಟಲಿಲ್ಲ. ನನ್ನ ಕ್ರೆಡಿಟ್ ಸ್ಕೋರು ಇಳಿಯಿತು, ಮೆಡಿಕಲ್ ಸ್ಟೋರ್ ಇಡಲು ನಾನು ಕೇಳಿದ್ದ ಸಾಲವನ್ನು ಬ್ಯಾಂಕಿನವರು ತಡೆದರು. ಸುತ್ತಾಡಿದ್ದು ನೀನು, ಸಾಲ ತೀರಿಸದವಳು ಎಂಬ ಹೆಸರು ಬಂದದ್ದು ನನಗೆ. ಇನ್ನು ಮುಂದೆ ನನಗಿರುವುದು ಆ ಅಂಗಡಿಯ ಆಸೆಯೊಂದೇ.

ಕಾರ್ಡ್ ಬ್ಲಾಕ್ ಮಾಡಿಸಿದ್ದೇನೆ. ತೆಗೆದ ದುಡ್ಡನ್ನು ಮುಟ್ಟದೆ ಇವತ್ತೇ ವಾಪಸ್ ಕಟ್ಟು. ಅತ್ತೆಗೆ ತಿಂಡಿಯಾದ ಮೇಲೆ ಬಿಪಿ ಮಾತ್ರೆ ಕೊಡು. ಅವರಿಗೆ ಇದೇನೂ ಗೊತ್ತಾಗುವುದು ಬೇಡ.

ನೀನು ಶಿರಾಕ್ಕೆ ಹೋಗಿದ್ದಾಗ ನಿನ್ನ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟಿದ್ದೇನೆ. ನೀನು ಅವನ್ನು ತುಂಬಿಟ್ಟಿದ್ದ ಸೂಟ್‌ಕೇಸು ನಮ್ಮದಲ್ಲ. ಶಂಕರಲಿಂಗಪ್ಪ ಮೇಷ್ಟ್ರ ಹತ್ತಿರ ನಿಮ್ಮಣ್ಣ ಕೇಳಿ ತಂದದ್ದು. ಅವರಿಗೆ ಕೊಟ್ಟು ಬರಲು ಹೋಗಿದ್ದೇನೆ.

ಲೋಹಿತಾ