ರುಚಿ ನೋಡಿದ್ದು ತಿಂದದ್ದಲ್ಲವಂತೆ

ಅಣ್ಣಾ,

‘ಪ್ರೀತಿಯ’ ಎಂದು ಸೇರಿಸಲು ಇವತ್ತು ಮನಸ್ಸಿಲ್ಲ. ಎದುರು ನಿಂತು ಬೈಯೋಣವೆಂದರೆ ಬಾಯಿಗೆ ಬಿಸಿ ಬನ್ನು ತುರುಕಿ ನಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆಂದು ನೀನು ನಮ್ಮ ಲ್ಯಾಬಿಗೆ ಬಂದೆ. ಏನಾದರೂ ತಿಂದೆಯಾ ಎಂದು ಎಲ್ಲರನ್ನೂ ಕೇಳುವ ಹಾಗೆ ನಿನ್ನನ್ನೂ ಕೇಳಿದೆ. “ಒಂದು ತುತ್ತೂ ಇಲ್ಲ ಕಣೇ” ಎಂದೆ ನೀನು. ತೋಳಿಗೆ ಪಟ್ಟಿ ಬಿಗಿದು, ರಕ್ತ ತೆಗೆದು, ಹತ್ತಿ ಒತ್ತಿ ತಲೆಯೆತ್ತಿದರೆ ನಿನ್ನ ಮೀಸೆಯಲ್ಲಿ ಕೇಕಿನ ಪುಡಿ! “ಅಯ್ಯೋ, ಅದು ತಿಂದಿದ್ದಲ್ಲ, ರುಚಿ ನೋಡಿದ್ದು. ಬೇಕರಿಯವನು ರುಚಿ ನೋಡದೆ ಮಾಲು ಹೊರಗೆ ಬಿಡ್ತಾನಾ?” ಎಂದು ನನಗೇ ಪಾಠ ಹೇಳಿದೆ. ನಸುಕಿನಿಂದ ಕ್ರೀಮು, ಕೇಕು, ಬೆಣ್ಣೆ ಬಿಸ್ಕತ್ತು, ಪ್ರತಿ ತಟ್ಟೆಯಿಂದಲೂ ಒಂದೊಂದು ಚೂರು. ಎಲ್ಲ ಸೇರಿದರೆ ಒಂದು ಊಟವಾಗುತ್ತದೆ ಮಹರಾಯ! ಹಿಂದಿನ ಸಲವೂ ಹೀಗೇ ಬಂದಿದ್ದೆನೆಂದು ನೀನೇ ಒಪ್ಪಿಕೊಂಡೆ, ಅದೂ ನಗುತ್ತ. ಆ ವರದಿ ನಂಬಿ ಪಾಪ ಡಾಕ್ಟರು ಗುಳಿಗೆ ಬದಲಾಯಿಸಿದ್ದರು.

ಹೋಗಲಿ ಎಂದು ನಿನ್ನ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ನೋಡಿದೆ. ಮೇಲೆ ನಿಲ್ಲುವ ನೀರು ತಿಳಿಯಾಗಿರಬೇಕು. ನಿನ್ನದು ಹಾಲು ಬೆರೆಸಿದಂತೆ ಮಸುಕಾಗಿತ್ತು. ಅದರಲ್ಲಿ ಕಾಯಿಲೆಯ ಪಾಲೆಷ್ಟು, ಕೇಕಿನ ಪಾಲೆಷ್ಟು ಎಂದು ನಾನು ಹೇಗೆ ಹೇಳಲಿ? ಚೆಲ್ಲಿಬಿಟ್ಟೆ.

“ಬಿ.ಪಿ. ಗುಳಿಗೆ ನುಂಗ್ತಿದೀನಲ್ಲ, ಈ ಇನ್ಸುಲಿನ್ನು, ಕೊಬ್ಬಿನ ಪರೀಕ್ಷೆ ಎಲ್ಲಾ ಯಾಕೆ?” ಎಂದೆ ನೀನು. ಕೊನೆಯ ಸಲ ಹೇಳುತ್ತೇನೆ, ಕೇಳು. ಬಿ.ಪಿ. ಇರುವ ಬಹಳ ಜನರಲ್ಲಿ ಇವೂ ಜೊತೆಗೂಡಿ ಏರಿರುತ್ತವೆ. ಸಕ್ಕರೆಯನ್ನು ಒಳಗೆ ಕರೆದುಕೋ ಎಂದು ಇನ್ಸುಲಿನ್ ಹೇಳುತ್ತದೆ, ಮೈ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಈ ಗಲಾಟೆಯಲ್ಲಿ ಯಕೃತ್ತು ಕೊಬ್ಬನ್ನು ರಕ್ತಕ್ಕೆ ಬಿಡುತ್ತಲೇ ಹೋಗುತ್ತದೆ. ಸಕ್ಕರೆಯ ಪರೀಕ್ಷೆ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ, ರಕ್ತನಾಳ ಒಳಗೊಳಗೇ ಹಾಳಾಗುತ್ತಿರುತ್ತದೆ. ನಿನ್ನ ಮೈಗೂ ನಿನ್ನದೇ ಬುದ್ಧಿ. ನಾನೂ ಆ ಇನ್ಸುಲಿನ್ ಹಾಗೆ ಕೂಗುತ್ತಲೇ ಇದ್ದೇನೆ.

ಮೊನ್ನೆ ನಿನ್ನ ಎಡಗೈ ಜೋಮು ಹಿಡಿದು ಬ್ರೆಡ್ಡಿನ ತಟ್ಟೆ ಕೆಳಗೆ ಬಿತ್ತಂತೆ. ನೀನು ಹೇಳಲಿಲ್ಲ, ಅತ್ತಿಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತೆಂದು ನಕ್ಕೆಯಂತೆ. ಅಪ್ಪನೂ ಹೀಗೇ ನಕ್ಕಿದ್ದ. ಆಮೇಲೆ ಲಕ್ವ ಹೊಡೆದು ಅವನ ಕೈ ಮತ್ತೆ ಹಿಟ್ಟು ನಾದಲೇ ಇಲ್ಲ. ನೀನೇ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದೆ, ಮರೆತೆಯಾ? ನನಗೆ ಭಯವಾಗುತ್ತಿದೆ ಅಣ್ಣಾ. ಇಷ್ಟು ಕೋಪ ಬರುತ್ತಿರುವುದೂ ಅದಕ್ಕೇ. ಕೈಯ ವಿಷಯ ಡಾಕ್ಟರಿಗೆ ಹೇಳಿದ್ದೇನೆ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬಾ ಎಂದಿದ್ದಾರೆ.

ಆದ್ದರಿಂದ ನಾಳೆ ನೀನು ಒಲೆ ಹೊತ್ತಿಸುವ ಮೊದಲೇ ನಾನು ಬೇಕರಿಯಲ್ಲಿರುತ್ತೇನೆ. ಕ್ರೀಮು, ಕೇಕು, ಬಿಸ್ಕತ್ತು, ಎಲ್ಲದರ ರುಚಿಯನ್ನೂ ನಾನೇ ನೋಡುತ್ತೇನೆ. “ನಾಲಿಗೆ ಅಂದ್ರೆ ಮಗಳದು, ಮಗನದು ಬರೀ ಬಾಯಿ” ಎಂದು ಅಪ್ಪ ಹೇಳುತ್ತಿದ್ದದ್ದಕ್ಕೆ ನಿನಗೆ ಇವತ್ತಿಗೂ ಹೊಟ್ಟೆಯುರಿ, ಗೊತ್ತು. ಉರಿಯಲಿ. ಆಮೇಲೆ ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ಅಲ್ಲೇ ರಕ್ತ ತೆಗೆದು, ನೇರ ಡಾಕ್ಟರ ಬಳಿಗೆ ಎಳೆದೊಯ್ಯುತ್ತೇನೆ. ಮೀಸೆ ಒರೆಸಿಕೊಂಡರೆ ಸಾಲದು, ಬಾಯಿ ತೆರೆಸಿ ನೋಡುತ್ತೇನೆ.

ಚಿಕ್ಕವಳು ನಾನು, ನಿನ್ನನ್ನು ಹರಸುವ ಹಾಗಿಲ್ಲ. ನೀನೇ ಹರಸು. ನನ್ನ ತಲೆಯ ಮೇಲೆ ಇಡಲು ನಿನ್ನ ಎರಡೂ ಕೈ ಇರಲಿ, ಬಹಳ ವರ್ಷ ಇರಲಿ.

ಕೂಗಿ ಕೂಗಿ ಗಂಟಲು ಹರಿದುಕೊಂಡ,
ನಿನ್ನ ತಂಗಿ