ನಿಧಾನವಾಗಿದ್ದುದು ನಿನ್ನ ಕೈಯಲ್ಲ

ಸುಮಕ್ಕಾ,

ಇವತ್ತು ಸಿಟ್ಟು ತಡೆಯಲಾಗುತ್ತಿಲ್ಲ. ನೀನಿದ್ದಿದ್ದರೆ "ಮೊದಲ ನೀರ ಕುಡಿ, ಆಮ್ಯಾಲ ಬೈಯಿ" ಅನ್ನುತ್ತಿದ್ದೆ. ಕುಡಿದೆ. ಇಳಿಯಲಿಲ್ಲ.

ಮಾಸೂರಿನಲ್ಲಿ ಅರ್ಜಿ ತುಂಬಿಕೊಡುವ ನಿನ್ನ ಆನ್‌ಲೈನ್ ಅಂಗಡಿಯ ಮುಂದೆ ಅವತ್ತು ಬೆಳೆವಿಮೆಗೆ ಸಾಲು ನಿಂತಿತ್ತು, ನೆನಪಿದೆಯಾ? ನಾಟಿ ಬಿಟ್ಟು ಬಂದಿದ್ದ ಗಂಗವ್ವನ ವಿವರವನ್ನೆಲ್ಲ ನೀನು ತುಂಬಿ ಮುಗಿಸುವಷ್ಟರಲ್ಲಿ ಬ್ರೌಸರ್ ತಾನೇ ಮುಚ್ಚಿಕೊಂಡಿತು. ಮತ್ತೆ ಮೊದಲಿನಿಂದ. ಸಾಲಿನಲ್ಲಿದ್ದ ಪಂಚಾಯ್ತಿ ಮೆಂಬರ್ ಕೂಗಿದ: "ಹೆಣ್ಮಕ್ಕಳ ಕೈಯಾಗ ಕಂಪ್ಯೂಟರ್ ಕೊಟ್ರ ಹಿಂಗ ಆಗೂದು!" ನೀನು "ಇನ್ನೊಮ್ಮೆ ತುಂಬ್ತೇನ್ರಿ" ಎಂದು ತಲೆ ತಗ್ಗಿಸಿದೆ. ಯಾಕಕ್ಕಾ? ತಿರುಗಿ ಒಂದು ಮಾತು ಆಡಬಾರದಿತ್ತೇ?

ಹಿರೇಕೆರೂರಿಗೆ ಸಿಪಿಯುವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿದ್ದೆವಲ್ಲ. ರಿಪೇರಿಯವನು "ಸ್ಪೀಡ್ ಆಗ್ಲಿ ಅಂತ ಬ್ರೌಸರ್‌ನ್ಯಾಗ ಒಂದೆರಡು ಹೊಸಾವು ಸೇರ್ಸೇನಿ. ಉಳದದ್ದು ನಿಮ್ಮ ಕೈಯಾಗೈತ್ರಿ, ಬಳಸಾಕ ಬರಬೇಕು" ಎಂದು ನಕ್ಕ. ಆಮೇಲೆ ಇನ್ನೂ ಕೆಟ್ಟಿತು. ನೀನೋ, ಅವನ ಮಾತನ್ನೇ ನಂಬಿದೆ. ಜ್ವರ ಏರಿ ಆಸ್ಪತ್ರೆಗೆ ಹೊರಟಾಗಲೂ "ನನ್ನ ಕೈ ನಿಧಾನ ಅದಾವ, ಇನ್ನ ಅಂಗಡಿ ನೀನ ನೋಡ್ಕೋ" ಎಂದೆಯಲ್ಲ, ಆ ಮಾತು... ನೀನು ತಿರುಗಿ ಬರಲೇ ಇಲ್ಲ.

ನಿನ್ನೆ ಗಂಗವ್ವ ಪಿಂಚಣಿ ಕೆಲಸಕ್ಕೆ ಬಂದಿದ್ದಳು. ಕಂಪ್ಯೂಟರ್ ಮತ್ತೆ ನಿಂತುಹೋಯಿತು. ಸಿಟ್ಟಿಗೆ ಬ್ರೌಸರಿನ ಮೆನುವನ್ನೆಲ್ಲ ಜಾಲಾಡಿದೆ. ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಜಾಗ ಅದರೊಳಗೇ ಇದೆ, ಅಕ್ಕಾ! ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದವು ಯಾವುವು ಗೊತ್ತೇ? ರಿಪೇರಿಯವನು ಸೇರಿಸಿದ್ದ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಅಂಟಿಸುವ ಪುಟ್ಟ ಪ್ರೋಗ್ರಾಂಗಳು. ಅವುಗಳ ಜೊತೆಗೆ, ತೆರೆದಾಗಲೆಲ್ಲ ತಾವಾಗಿಯೇ ಎದ್ದು ಕೂರುತ್ತಿದ್ದ ಹಳೆಯ ಟ್ಯಾಬ್‌ಗಳು. ಒಂದೊಂದನ್ನೇ ಕಿತ್ತು ಹಾಕಿದೆ. ಸುಮ್ಮನೆ ತೆರೆದಿರುವ ಟ್ಯಾಬ್‌ಗಳನ್ನು ಮಲಗಿಸುವ ಮೆಮೊರಿ ಸೇವರ್ ಆನ್ ಮಾಡಿದೆ. ಗಂಗವ್ವ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು.

ಇಷ್ಟೇ ಆಗಿತ್ತೇ? ಇಷ್ಟಕ್ಕೇ ನೀನು ಊರವರಿಂದೆಲ್ಲ ಅನ್ನಿಸಿಕೊಂಡೆಯಾ? ಸಂತೋಷಪಡಬೇಕಾದ ಹೊತ್ತಿನಲ್ಲಿ ಕೀಬೋರ್ಡ್ ತಳ್ಳಿ ಅತ್ತೆ.

ಇವತ್ತು ಮೆಂಬರ್ ಬಂದ. ಪ್ರಿಂಟ್ ಹೊರಬರುವುದನ್ನು ನೋಡಿ "ಹೊಸಾ ಮಷಿನ್ ತಂದಿಯೇನವಾ? ಅಕ್ಕಗಿಂತ ನೀ ಭಾಳ ಚುರುಕ ಅದೀ" ಎಂದ. ನಾನು ಎದ್ದು ನಿಂತೆ.

"ಮಷಿನ್ ಅದ ಐತ್ರಿ. ಅಕ್ಕನ ಕೈನೂ ಚುರುಕ ಇದ್ವು. ಅವತ್ತ ಮಂದಿ ಮುಂದ ಬೈದ್ರಿ, ಇವತ್ತ ಮಂದಿ ಮುಂದ ತಪ್ಪಾತು ಅನ್ರಿ. ಆಮ್ಯಾಲ ಪ್ರಿಂಟ್ ಒಯ್ರಿ."

ಸಾಲಿನಲ್ಲಿ ಯಾರೂ ಅವನ ನೆರವಿಗೆ ಬರಲಿಲ್ಲ. ನೆಲ ನೋಡುತ್ತ "ತಪ್ಪಾತವಾ" ಎಂದ.

"ನನಗಲ್ರಿ. ಸುಮಕ್ಕಗ."

ಅಂದ, ಅಕ್ಕಾ. ನಿನ್ನ ಹೆಸರು ಹಿಡಿದು ಅಂದ.

ನಾಳೆ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಹೋಗುತ್ತಿದ್ದೇನೆ. ರಿಪೇರಿಯವನೂ ಅನ್ನಬೇಕಲ್ಲ.

ನಿನ್ನ ತಂಗಿ