ಅಪ್ಪ ಕೂಗಿ ಹೇಳದ ಕೂಲಿ

ಕೊಂಕೋರ್ದಿಯಾ
ಶುಕ್ರವಾರ, ಜೂನ್ ೧೪, ೧೯೯೬

ಪ್ರೀತಿಯ ತಮ್ಮ ರಮಿರೊ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತೇ? ಬ್ಯೂನಸ್ ಐರಿಸ್‌ನ ಚಳಿಗೆ ನಿನ್ನ ಆ ತೆಳ್ಳನೆಯ ಜಾಕೆಟ್ ಎಲ್ಲಿ ಸಾಕು? ಕಾರ್ಖಾನೆಯಲ್ಲಿ ಕಾಯಂ ಆಯಿತೆಂದು ಬರೆದಿದ್ದೆಯಲ್ಲ, ಹೋದ ವಾರ ಅಪ್ಪ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿಕೊಂಡರು. "ನಮ್ಮ ವಂಶದಲ್ಲೇ ಒಬ್ಬಂಗೆ ಕೆಲ್ಸ ಅಂತ ಸಿಕ್ತು ಕಣೇ. ನಾನು ಕಿತ್ತಳೆ ಲಾರಿ ಇಳಿಸಿದ್ರೂ ಚಂಗಾ, ಗೋಡೆಗೆ ಬಣ್ಣ ಹೊಡೆದ್ರೂ ಚಂಗಾ. ಬರೀ ಬಿಡಿ ಕೂಲಿ, ಇವತ್ತು ಉಂಟು, ನಾಳೆ ಇಲ್ಲ" ಎಂದು ನಕ್ಕರು.

ಏಣಿ ಜಾರಿ ಬಿದ್ದ ಮೇಲೆ ಅಪ್ಪನ ಸೊಂಟ ಹಾಗೇ ಇದೆ. ಮೂರು ತಿಂಗಳಿಂದ ಮಂಚವೇ ಗತಿ. ಸರಕಾರಿ ಆಸ್ಪತ್ರೆಯಲ್ಲಿ ಹೊಸ ಕೀಲು ಹಾಕಿಸಿಕೊಳ್ಳಲು ವರ್ಷಗಟ್ಟಲೆ ಸರದಿ ಕಾಯಬೇಕು. ಅಪ್ಪ ಬಿದ್ದ ಆ ಮನೆಯ ಒಡೆಯ ದೊನ್ ಅನ್ಸೆಲ್ಮೊ ಖರ್ಚಿನ ಹೊಣೆ ಹೊತ್ತರೆ ಈ ಚಳಿಗಾಲದಲ್ಲೇ ಅಪ್ಪ ಎದ್ದು ಓಡಾಡಬಹುದು. ಅದಕ್ಕೇ ನಿನ್ನೆ ಗಾಡಿಯಲ್ಲಿ ಹಾಸಿಗೆ ಹಾಸಿ ಕೋರ್ಟಿಗೆ ಕರೆದೊಯ್ದೆವು. ಗುಮಾಸ್ತ ಕಸುಬೇನೆಂದು ಕೇಳಿದ. ಚಂಗಾ ಎಂದರು ಅಪ್ಪ. ಅದು ಕಸುಬಲ್ಲವೆಂದು ಆ ಜಾಗ ಖಾಲಿ ಬಿಟ್ಟ.

ಮಾಳಿಗೆಯ ನೀರಿನ ತೊಟ್ಟಿ ತೊಳೆಯಲು ಕರೆದಾಗ ಅನ್ಸೆಲ್ಮೊ "ಒಂದ್ ಚಂಗಿತಾ ಇದೆ ಕಣಯ್ಯಾ, ಅರ್ಧ ಗಂಟೇದು" ಎಂದದ್ದು ನಿನಗೆ ನೆನಪಿರಬೇಕು. ಕೂಲಿ ಕಡಿಮೆ ಕೊಡುವವರೇ ಚಂಗಾವನ್ನು ಹೀಗೆ ಪುಟ್ಟದು ಮಾಡಿ ಮುದ್ದಿಸುವುದು. ಆ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ಈಗ ಕೋರ್ಟಿನಲ್ಲಿ ಅವನ ಪ್ರಕಾರ ಅದೂ ಅಲ್ಲವಂತೆ, ಪುಕ್ಕಟೆ ಗೌಚಾದಾ ಅಂತೆ! ಕೂಲಿಯ ಮಾತೇ ಇರಲಿಲ್ಲವಂತೆ, ಹಳೇ ಪರಿಚಯಕ್ಕೆ ಉಪಕಾರ ಮಾಡಲು ಅಪ್ಪ ತಾವಾಗಿಯೇ ಏಣಿ ಹತ್ತಿದರಂತೆ. ಉಪಕಾರಕ್ಕೆ ಬಂದು ಬಿದ್ದವನಿಗೆ ಮನೆಯೊಡೆಯ ಹೊಣೆಯಲ್ಲವಂತೆ.

ಮಾರುಕಟ್ಟೆ ಮೂಲೆಯಲ್ಲಿ ಕಾದು ಕೂರುವ ನಮ್ಮವರ ಕಟ್ಟಳೆ ನಿನಗೆ ಗೊತ್ತು. ಯಾರು ಕರೆದರೂ ಒಪ್ಪಿದ ಕೂಲಿಯನ್ನು ಗಟ್ಟಿಯಾಗಿ ಕೂಗಿ ಹೇಳಿಯೇ ಹೊರಡಬೇಕು, ಉಳಿದವರ ಕಿವಿಗೂ ಬೀಳಬೇಕು. ಮೂವತ್ತು ವರ್ಷ ಕೂಗಿದ ಅಪ್ಪ ಅವತ್ತು ಕೂಗಲಿಲ್ಲ. ಭಾನುವಾರ ನಮ್ಮ ಅಂಗಳಕ್ಕೇ ದೊಡ್ಡ ಮನುಷ್ಯರು ಬಂದಿದ್ದಾರೆಂಬ ಸಂಕೋಚ. ಒಪ್ಪಿದ ಕೂಲಿಯನ್ನು ಕೇಳಿಸಿಕೊಂಡವನು ನೀನೊಬ್ಬನೇ. ಮೂಲೆಯ ಗೆಳೆಯರು ಬಂದು "ಲೋ ಮುದ್ಕಾ, ಅವತ್ತು ಗಂಟ್ಲಲ್ಲಿ ಏನ್ ಸಿಕ್ಕಾಕ್ಕೊಂಡಿತ್ತೋ?" ಎಂದು ಗೇಲಿ ಮಾಡುತ್ತಾರೆ, ಹೊರಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದ ಯಾವಾಗಲೂ ಇದೆ. ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ನಿಲ್ದಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಅವರ ವಕೀಲ ಒಂದು ಕಾಗದ ತೆಗೆದ. ಕೂಲಿಯ ಮಾತಾಗಿರಲಿಲ್ಲ, ಅದು ಗೌಚಾದಾ ಎಂದು ಬರೆದು ಕೆಳಗೆ ನೀನು ಸಹಿ ಹಾಕಿದ್ದೀಯ. ತಾರೀಖು ನೀನು ಕೆಲಸಕ್ಕೆ ಸೇರುವ ಹಿಂದಿನ ದಿನದ್ದು. ಆ ಕಾರ್ಖಾನೆ ಅನ್ಸೆಲ್ಮೊನ ಭಾವನದೆಂದು ನನಗೆ ಗೊತ್ತಾದದ್ದೇ ಅಲ್ಲಿ. ಓದಲು ಬಾರದ ಅಪ್ಪ "ಯಾರ್ ಸಹಿನೇ ಅದು?" ಎಂದು ಕೇಳಿದರು. ಹೇಳಿದೆ. ನ್ಯಾಯಾಧೀಶರು ಕೇಳಿದಾಗ, "ನನ್ನ ಮಗ ಸುಳ್ಳಿಗೆ ಸಹಿ ಹಾಕೋನಲ್ಲ ಸ್ವಾಮಿ. ನಾನು ಉಪಕಾರಕ್ಕೇ ಹೋಗಿದ್ದು" ಎಂದುಬಿಟ್ಟರು. ಕೇಸು ಅಲ್ಲಿಗೆ ಮುಗಿಯಿತು. ಗಾಡಿಯಲ್ಲಿ ಬರುವಾಗ ನನಗೆ ಹೇಳಿದ್ದಿಷ್ಟೇ: "ಅವನಿಗೆ ಬರೀಬೇಡ ಕಣೇ, ಕೆಲ್ಸ ಬಿಟ್ಟು ಬಂದ್ಬಿಡ್ತಾನೆ." ನಾನು ಬರೆದಿದ್ದೇನೆ.